ಹೊಗೆ ಹಾಕಿದ ಮೀನು ಮಳೆಗಾಲ ದಾಟಬೇಕಾದರೆ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಹಸಿ ಮೀನು ಕಡಿಮೆ, ಬೆಲೆ ಜಾಸ್ತಿ. ಅದಕ್ಕೇ ಏಪ್ರಿಲ್–ಮೇ ತಿಂಗಳಲ್ಲೇ ಒಣ ಬಂಗಡೆ, ಒಣ ಚಟ್ಲಿ (ಸಿಗಡಿ), ಹೊಗೆಯಲ್ಲಿ ಒಣಗಿಸಿದ ಮೀನು ಎಲ್ಲವೂ ಡಬ್ಬ ಸೇರುತ್ತವೆ. ಮಲೆನಾಡಿನಲ್ಲಿ ಲೆಕ್ಕ ಬೇರೆ. ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರಿ ಬರುವ ಹತ್ತುಮೀನು ಸಿಗುವುದೇ ಬಿಸಿಲು ಮರೆಯಾದ ಮೇಲೆ. ಅಲ್ಲಿ ಒಲೆಯ ಹೊಗೆಯೇ ಗತಿ. ಆದರೆ ಎರಡೂ ಕಡೆ ಕೇಳುವ ದೂರು ಒಂದೇ: ಆಷಾಢ ಕಳೆಯುವಷ್ಟರಲ್ಲಿ ಡಬ್ಬದಲ್ಲಿ ಬೂಷ್ಟು, ಅದರ ಹಿಂದೆಯೇ ಹುಳ.

"ಹಿಂದೆ ಹೀಗೆ ಕೆಡುತ್ತಿರಲಿಲ್ಲ" ಎಂದು ಹಿರಿಯರು ಹೇಳಿದರೆ ಅದು ನಿಜ. ಆಗ ಮೀನು ಬೇರೆಯದಾಗಿರಲಿಲ್ಲ, ಇಡುವ ಜಾಗ ಬೇರೆಯದಾಗಿತ್ತು. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ, ತಟ್ಟಿಯ ಮೇಲೋ ಬುಟ್ಟಿಯಲ್ಲೋ ಇಟ್ಟ ಮೀನಿಗೆ ಬೆಳಿಗ್ಗೆ ಸಂಜೆ ಬಿಸಿ ತಾಕುತ್ತಿತ್ತು, ಹೊಗೆ ಸುತ್ತುತ್ತಿತ್ತು. ಹೊರಗೆ ವಾರಗಟ್ಟಲೆ ಮಳೆ ಹೊಡೆದರೂ ಆ ಒಂದು ಮೂಲೆ ಒಣಗಿರುತ್ತಿತ್ತು. ಅಂದರೆ ಒಣಗಿಸುವ ಕೆಲಸ ಒಂದು ದಿನಕ್ಕೂ ನಿಂತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಅದೇ ಮೀನನ್ನು ತಂದು ತಣ್ಣನೆಯ ಕಪಾಟಿನಲ್ಲಿ ಇಡುತ್ತೇವೆ. ಒಲೆ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಡಬ್ಬ, ಉಪ್ಪು, ಫ್ರೀಜರ್ ಮತ್ತು ನಮ್ಮ ಕಣ್ಣಿನಿಂದ ಮಾಡಿಸಿಕೊಳ್ಳಬೇಕು. ಅದು ಹೇಗೆ ಎಂಬುದೇ ಈ ಲೇಖನ.

ಹೊಗೆಯ ಮೇಲೆ ಅತಿಯಾದ ನಂಬಿಕೆ ಬೇಡ

ಹೊಗೆಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ಅಂಶಗಳಿರುವುದು ಹೌದು. ಫಿನಾಲ್, ಆರ್ಗ್ಯಾನಿಕ್ ಆಮ್ಲಗಳು ಮೀನಿನ ಮೇಲ್ಮೈಗೆ ಅಂಟಿ ಬೂಷ್ಟನ್ನು ತಡವಾಗಿಸುತ್ತವೆ, ಎಣ್ಣೆ ಕಮಟಾಗುವುದನ್ನೂ ಸ್ವಲ್ಪ ಮುಂದೂಡುತ್ತವೆ. ಆದರೆ ಅವು ಸೇರುವುದು ಚರ್ಮದ ಮಟ್ಟಕ್ಕೆ. ಒಳಗಿನ ಮಾಂಸದಲ್ಲಿ ನೀರು ಉಳಿದಿದ್ದರೆ ಮೇಲಿನ ಹೊಗೆ ಏನೂ ಮಾಡಲಾರದು. ಮೀನನ್ನು ಉಳಿಸುವುದು ಒಣತನ. ಹೊಗೆ ಅದಕ್ಕೆ ಸಹಾಯಕ ಅಷ್ಟೇ.

ಲೆಕ್ಕ ಹೀಗಿದೆ. ಉಪ್ಪು ಹಾಕದ ಮೀನಿನಲ್ಲಿ ತೇವಾಂಶ ಶೇ 25ಕ್ಕಿಂತ ಇಳಿದರೆ ಕೊಳೆಸುವ ಬ್ಯಾಕ್ಟೀರಿಯಾಗಳ ಆಟ ನಿಲ್ಲುತ್ತದೆ. ಬೂಷ್ಟು ನಿಲ್ಲಬೇಕಾದರೆ ಶೇ 15ಕ್ಕಿಂತ ಕೆಳಗಿಳಿಯಬೇಕು. ಈ ಎರಡು ಸಂಖ್ಯೆಗಳ ನಡುವೆ ಇರುವ ಮೀನೇ ನಮ್ಮನ್ನು ಮೋಸಗೊಳಿಸುವುದು: ವಾಸನೆ ಇಲ್ಲ, ಕೊಳೆತಿಲ್ಲ, ಕೈಗೆ ಒಣಗಿದಂತೆಯೇ ಅನ್ನಿಸುತ್ತದೆ. ಹತ್ತು ಹದಿನೈದು ದಿನ ಡಬ್ಬದಲ್ಲಿಟ್ಟರೆ ಹಸಿರು ಹತ್ತಿ ಕೂರುತ್ತದೆ.

ಉಪ್ಪಿನ ವಿಷಯದಲ್ಲಿ ಇನ್ನೊಂದು ಮಾತು ತಿಳಿದಿರಬೇಕು. ಸುತ್ತಲಿನ ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ತಾನೇ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಕರಾವಳಿಯ ಜುಲೈ ತಿಂಗಳಲ್ಲಿ ಗಾಳಿಯ ತೇವಾಂಶ ದಿನವಿಡೀ ಶೇ 75ರ ಮೇಲೆಯೇ ಇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮೀನನ್ನು ಕಾಪಾಡಿದ ಉಪ್ಪೇ ಮಳೆಗಾಲದಲ್ಲಿ, ಗಾಳಿಗೆ ತೆರೆದಿಟ್ಟರೆ, ಅದನ್ನು ಒದ್ದೆ ಮಾಡುತ್ತದೆ. ಉಪ್ಪು ಹಾಕಿದ ಮೀನಿಗೆ ಗಾಳಿಯಾಡದ ಡಬ್ಬ ಬೇಕೇ ಬೇಕು ಎನ್ನುವುದು ಇದಕ್ಕೆ.

ಕೈಯಲ್ಲಿರುವುದು ಯಾವ ಬಗೆಯ ಮೀನು?

ಯಾವ ಹಂತಕ್ಕೂ ಮೊದಲು ಇದನ್ನು ಗುರುತಿಸಿಕೊಳ್ಳಿ, ಇಲ್ಲಿ ತಪ್ಪಿದರೆ ಹೊಟ್ಟೆಗೇ ಅಪಾಯ.

ಮೆತ್ತಗಿರುವ, ಹೊಗೆಯಲ್ಲಿ ಬೆಂದ ಅಥವಾ ತಣ್ಣನೆಯ ಹೊಗೆ ಕೊಟ್ಟ ಮೀನು (ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಹೊಗೆ ಸಾಲ್ಮನ್ ಅಂಥದು) ಕಪಾಟಿನ ವಸ್ತುವೇ ಅಲ್ಲ. ಅದರಲ್ಲಿ ನೀರು ಹೇರಳ. ಅದನ್ನು ಫ್ರಿಜ್‌ನಲ್ಲಿ 4 ಡಿಗ್ರಿಗಿಂತ ಕೆಳಗೆ ಇಟ್ಟು, ಪೊಟ್ಟಣದ ಮೇಲಿನ ದಿನಾಂಕದೊಳಗೆ ಮುಗಿಸಬೇಕು. ಮನೆಯಲ್ಲಿ ಮಾಡಿದ್ದಾದರೆ ಒಂದೆರಡು ದಿನದಲ್ಲಿ ತಿನ್ನಿ, ಇಲ್ಲವೇ ಫ್ರೀಜರ್‌ಗೆ ಹಾಕಿ. ಇಂಥ ಮೀನನ್ನು ವ್ಯಾಕ್ಯೂಮ್ ಪ್ಯಾಕ್ ಮಾಡಿ ಹೊರಗಿಟ್ಟರೆ ಕೆಡುವುದಿಲ್ಲ ಎಂದು ನಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಇಲ್ಲದ ಕಡೆಯೇ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಅಲ್ಲಿ ವಿಷ ಉಂಟುಮಾಡಬಲ್ಲದು. ಬಣ್ಣದಿಂದಲೋ ವಾಸನೆಯಿಂದಲೋ ಅದು ಗೊತ್ತಾಗದೇ ಇರಬಹುದು, ಆದರೆ ಜೀವಕ್ಕೇ ಕುತ್ತು ತರುತ್ತದೆ.

ಮರುವಾಯಿ, ಪಚಿಲೆಯಂಥ ಚಿಪ್ಪಿನ ಮಾಂಸಕ್ಕೆ ಮನೆಯಲ್ಲಿ ಹೊಗೆ ಕೊಟ್ಟರೂ ಒಳಗೆ ನೀರು ಉಳಿಯುವುದೇ ಹೆಚ್ಚು. ಅದೂ ಫ್ರೀಜರ್‌ಗೇ.

ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡಲು ತಕ್ಕದ್ದು ಗಟ್ಟಿಯಾಗಿ ಒಣಗಿದ್ದು ಮಾತ್ರ. ಇದಕ್ಕೆ ಮಾದರಿ ಬೇಕೆಂದರೆ ಲಕ್ಷದ್ವೀಪದ ಮಾಸ್‌ಮೀನ್ ನೋಡಿ. ಅಲ್ಲಿನವರು, ಅದರಲ್ಲೂ ಮಿನಿಕಾಯ್ ದ್ವೀಪದವರು, ಗಾಳ ಹಾಕಿ ಹಿಡಿದ ಟ್ಯೂನಾವನ್ನು ಉದ್ದುದ್ದ ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಕೊಟ್ಟು, ಆಮೇಲೆ ಬಿಸಿಲಿನಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಕೊನೆಗೆ ಅದು ಮರದ ತುಂಡಿನಂತೆ ಆಗುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿದರೆ ಟಕ್ ಎನ್ನಬೇಕು. ಮಂಗಳೂರಿನ ಹಳೆ ಬಂದರಿಗೆ ದ್ವೀಪಗಳ ಸರಕು ಬರುವ ದಾರಿಯಲ್ಲಿ ಇದೂ ಬರುತ್ತದೆ. ಸಾಗಣೆ, ಗೋದಾಮು, ಅಂಗಡಿ ಎಲ್ಲ ದಾಟಿ ಅದು ಉಳಿಯುವುದಕ್ಕೆ ಮುಖ್ಯ ಕಾರಣ ಆ ಗಟ್ಟಿತನ.

ಶತ್ರುಗಳ ಪರಿಚಯ

ಒಣಮೀನಿನ ದೊಡ್ಡ ವೈರಿ ಡರ್ಮೆಸ್ಟಿಸ್ ಎಂಬ ಜೀರುಂಡೆ. ಬೆಳೆದ ಹುಳ ಕಪ್ಪುಗಂದು, ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದ. ನಿಜವಾಗಿ ತಿಂದು ಹಾಳುಮಾಡುವುದು ಅದರ ಮರಿ: ಕಂದು ಬಣ್ಣ, ಮೈತುಂಬ ರೋಮ, ಪುಟ್ಟ ಕಂಬಳಿಹುಳದ ಹಾಗೆ. ಇದು ಮೀನಿನ ಹೊಟ್ಟೆಯ ಸೀಳು, ಕಿವಿರಿನ ಸಂದು, ಬೆನ್ನುಮೂಳೆಯ ಪಕ್ಕ ಸೇರಿಕೊಂಡು ಒಳಗಿನಿಂದ ಕೊರೆಯುತ್ತದೆ. ಮೇಲೆ ಚರ್ಮ ಹಾಗೇ ಇರುತ್ತದೆ, ಮುರಿದು ನೋಡಿದರೆ ಒಳಗೆ ಹುಡಿ. ಕೋಶ ಕಟ್ಟುವ ಸಮಯ ಬಂದಾಗ ಅದು ಮರವನ್ನೂ ಥರ್ಮೋಕೋಲನ್ನೂ ಕೊರೆದು ಒಳಹೊಗುತ್ತದೆ. ಆದ್ದರಿಂದ ಒಮ್ಮೆ ಹುಳ ಬಿದ್ದ ಮರದ ಪೆಟ್ಟಿಗೆಯಲ್ಲಿ ಹೊಸ ಮೀನು ಇಟ್ಟರೆ ಮತ್ತೆ ಹುಳ ಬೀಳುವುದೇ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಜೀರುಂಡೆಯಾಗಲು ಅದಕ್ಕೆ ಒಂದೂವರೆ ತಿಂಗಳ ಆಸುಪಾಸು ಸಾಕು. ಮೇ ಕೊನೆಗೆ ಕಾಣದೆ ಡಬ್ಬ ಸೇರಿದ ನಾಲ್ಕು ಮೊಟ್ಟೆ ಜುಲೈ ಹೊತ್ತಿಗೆ ಸಂಸಾರ ಕಟ್ಟಿರುತ್ತದೆ.

ಎರಡನೆಯದು ನೆಕ್ರೋಬಿಯಾ. ನೀಲಿ–ಹಸಿರು ಹೊಳಪಿನ ಮೈ, ಕೆಂಪು ಕಾಲು, ಅರ್ಧ ಸೆಂಟಿಮೀಟರ್ ಸುಮಾರಿನ ಚುರುಕು ಹುಳ. ಇದನ್ನು ಕರಾವಳಿಯ ಮನೆಗಳಲ್ಲಿ ಒಣಮೀನಿಗಿಂತ ಹೆಚ್ಚಾಗಿ ಕೊಬ್ಬರಿಯಲ್ಲಿ ಕಂಡಿರುತ್ತೀರಿ, ಅದೇ ಹುಳ ಇದು. ಕೊಬ್ಬರಿಯ ಗೋಣಿಯನ್ನೂ ಮೀನಿನ ಬುಟ್ಟಿಯನ್ನೂ ಒಂದೇ ಅಟ್ಟದಲ್ಲಿಟ್ಟರೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿಕೊಂಡಿರುತ್ತದೆ. ಈ ಎರಡನ್ನು ಬೇರೆ ಬೇರೆ ಕೋಣೆಯಲ್ಲಿಡಿ.

ಸಣ್ಣ ನುಸಿ ಬಿದ್ದರೆ ಡಬ್ಬದ ತಳದಲ್ಲಿ ಬೂದಿಯಂಥ ಪುಡಿ ಕಾಣುತ್ತದೆ, ಕಣ್ಣಿಟ್ಟು ನೋಡಿದರೆ ಅದು ಅಲುಗುತ್ತದೆ. ಮೀನು ಒದ್ದೆಯಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ನೊಣದ ಕಾಟ ಇರುವುದು ಹಸಿ ಇರುವಾಗ, ಒಣಗಿಸುವ ಮೊದಲ ಎರಡು ದಿನ. ಇಲಿ, ಇರುವೆ, ಜಿರಳೆ ನಿಮಗೆ ಗೊತ್ತಿರುವವೇ. ಮುಚ್ಚಳ ಬಿಗಿಯಾಗಿದ್ದರೆ ಅವುಗಳ ಚಿಂತೆ ಇಲ್ಲ.

ಬೂಷ್ಟಿನಲ್ಲೂ ಬಗೆಗಳಿವೆ. ಹಸಿರು, ಕಪ್ಪು, ಬೂದು ಬಣ್ಣದ ನವಿರು ಬೂಷ್ಟು ಎಲ್ಲರಿಗೂ ಗೊತ್ತು. ಉಪ್ಪು ಮೀನಿನ ಮೇಲೆ ಕಾಫಿಪುಡಿ ಚಿಮುಕಿಸಿದ ಹಾಗೆ ಕಂದು ಚುಕ್ಕಿ ಬಂದರೆ ಅದೂ ಬೂಷ್ಟೇ, ಉಪ್ಪನ್ನೇ ಮೆಚ್ಚುವ ಜಾತಿ. ಗುಲಾಬಿ ಅಥವಾ ಕೆಂಪು ಲೋಳೆ ಬಂದರೆ ಅದು ಬೂಷ್ಟಲ್ಲ, ಉಪ್ಪಿನಲ್ಲೇ ಬದುಕುವ ಬ್ಯಾಕ್ಟೀರಿಯಾ. ಬಿಸಿಲಿನಲ್ಲಿ ಮಾಡಿದ ಸಮುದ್ರದ ಉಪ್ಪಿನ ಜೊತೆಗೇ ಬಂದಿರುತ್ತದೆ. ಇನ್ನು ಮೇಲೆ ಬಿಳಿ ಪುಡಿ ಕಂಡೊಡನೆ ಹೆದರಬೇಡಿ. ಬೆರಳಿನಿಂದ ಉಜ್ಜಿ, ಒಂದು ಹನಿ ನೀರು ಹಾಕಿ. ಕರಗಿದರೆ ಅದು ಉಪ್ಪಿನ ಹರಳು. ಕರಗದೆ ನೂಲಿನಂತೆ ಎದ್ದರೆ ಬೂಷ್ಟು.

ಹಂತ 1: ತಾಜಾ ಮೀನು, ಪೂರ್ತಿ ಸ್ವಚ್ಛ

ಉಳಿದ ಮೀನು, ಮೆತ್ತಗಾದ ಮೀನು ಒಣಗಿಸೋಣ ಎನ್ನುವುದು ಹಳೆಯ ಅಭ್ಯಾಸ. ಬಂಗಡೆ, ಬೂತಾಯಿ, ಟ್ಯೂನಾಗಳ ವಿಷಯದಲ್ಲಂತೂ ಇದು ಬೇಡವೇ ಬೇಡ. ಈ ಜಾತಿಗಳು ಬಿಸಿಯಲ್ಲಿ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ. ಅದು ಒಣಗಿಸಿದರೂ, ಹೊಗೆ ಹಾಕಿದರೂ, ಹುರಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುವುದು ಇದರಿಂದಲೇ.

ಕರುಳು, ಕಿವಿರು ತೆಗೆಯಿರಿ. ಹೊಟ್ಟೆಯೊಳಗಿನ ಕಪ್ಪು ಪೊರೆ, ಬೆನ್ನುಮೂಳೆಗೆ ಅಂಟಿದ ರಕ್ತ ಬೆರಳಿನಿಂದ ಉಜ್ಜಿ ತೊಳೆಯಿರಿ. ಹುಳ ಮೊದಲು ಸೇರುವುದು ಅಲ್ಲೇ, ಕೊನೆಯವರೆಗೆ ಒಣಗದೆ ಉಳಿಯುವುದೂ ಅಲ್ಲೇ. ಅಂಗೈಗಿಂತ ದೊಡ್ಡ ಮೀನಾದರೆ ಬೆನ್ನಿನಿಂದ ಸೀಳಿ ಪುಸ್ತಕದ ಹಾಗೆ ಬಿಡಿಸಿ. ತುಂಬ ದಪ್ಪ ಇದ್ದರೆ ಮಾಂಸದಲ್ಲಿ ಎರಡು ಮೂರು ಗೀರು ಹಾಕಿ. ದಪ್ಪ ಹೆಚ್ಚಿದಷ್ಟೂ ಒಳಗಿನ ನೀರು ಹೊರಬರುವುದು ಕಷ್ಟ.

ಹಂತ 2: ಉಪ್ಪು

ಹೊಗೆಗೆ ಮೊದಲು 1 ಲೀಟರ್ ನೀರಿಗೆ ಸುಮಾರು 150 ಗ್ರಾಂ ಉಪ್ಪು ಕರಗಿಸಿ, ಮೀನಿನ ಗಾತ್ರ ನೋಡಿ ಅರ್ಧದಿಂದ ಒಂದು ಗಂಟೆ ಮುಳುಗಿಸಿಡಿ. ಹೊರಗಿನ ಲೋಳೆ ಹೋಗುತ್ತದೆ, ಮಾಂಸ ಬಿಗಿಯಾಗುತ್ತದೆ, ನೊಣ ಕೂರುವುದು ಕಡಿಮೆಯಾಗುತ್ತದೆ. ಗಟ್ಟಿ ಉಪ್ಪುಮೀನು ಮಾಡುವುದಾದರೆ ಲೆಕ್ಕ ಬೇರೆ: 3ರಿಂದ 4 ಕಿಲೋ ಮೀನಿಗೆ 1 ಕಿಲೋ ಉಪ್ಪು, ಪದರ ಪದರವಾಗಿ. ಚೆನ್ನಾಗಿ ಉಪ್ಪು ಹಿಡಿದ ಮೀನಿಗೆ ಡರ್ಮೆಸ್ಟಿಸ್ ಅಷ್ಟಾಗಿ ಬರುವುದಿಲ್ಲ, ಉಪ್ಪಿಲ್ಲದ ಹೊಗೆಮೀನಿಗೆ ಓಡೋಡಿ ಬರುತ್ತದೆ.

ಉಪ್ಪು ಯಾವುದು ಎನ್ನುವುದೂ ಮುಖ್ಯ. ಹಳೆಯ ಮೀನಿಗೆ ಹಾಕಿ ಉಳಿದ ಉಪ್ಪನ್ನು ಮತ್ತೆ ಬಳಸಬೇಡಿ, ಗುಲಾಬಿ ಲೋಳೆ ವರ್ಷದಿಂದ ವರ್ಷಕ್ಕೆ ದಾಟುವ ಒಂದು ದಾರಿ ಅದು. ಕಲ್ಲುಪ್ಪನ್ನು ದಪ್ಪ ಬಾಣಲೆಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿದು, ಆರಿಸಿ ಬಳಸಿದರೆ ಒಳ್ಳೆಯದು.

ಹಂತ 3: ಹೊಗೆ ಮತ್ತು ಬಿಸಿ

ಉಪ್ಪುನೀರಿನಿಂದ ತೆಗೆದ ಮೀನನ್ನು ನೇರ ಹೊಗೆಗೆ ಇಡಬೇಡಿ. ನೆರಳಿನಲ್ಲಿ, ಗಾಳಿಗೆ, ಬಲೆ ಮುಚ್ಚಿ, ಮೇಲ್ಮೈಯ ನೀರು ಆರುವವರೆಗೆ ತೂಗುಹಾಕಿ. ಒದ್ದೆ ಮೈಗೆ ಹೊಗೆ ತಾಗಿದರೆ ಮಸಿ ಹಿಡಿದು ಕಹಿಯಾಗುತ್ತದೆ.

ಸೌದೆಗೆ ಹಲಸು, ಮಾವಿನಂಥ ಗಟ್ಟಿ ಮರ, ಅಥವಾ ತೆಂಗಿನ ಸಿಪ್ಪೆ, ಚಿಪ್ಪು. ಬಣ್ಣ ಬಳಿದ ಹಲಗೆ, ಪ್ಲೈವುಡ್, ರಾಳ ಸೋರುವ ಮರ ಕೂಡದು, ಅವುಗಳ ಹೊಗೆಯಲ್ಲಿ ವಿಷವಿದೆ. ಮೊದಲು ಬೆಂಕಿಯ ಬಿಸಿ ಸ್ವಲ್ಪ ಜೋರಿರಲಿ, ಮಾಂಸ ಒಳಗಿನವರೆಗೂ ಬೇಯಲಿ. ಆಮೇಲೆ ಉರಿ ತಗ್ಗಿಸಿ, ಕೆಂಡದ ಮಂದ ಬಿಸಿ ಮತ್ತು ತೆಳು ಹೊಗೆಯಲ್ಲಿ ದಿನಗಟ್ಟಲೆ ಬಿಡಿ. ಬೆಂದ ಮೇಲೂ ಜೋರು ಬಿಸಿಯಲ್ಲೇ ಭರಾಟೆಯಿಂದ ಒಣಗಿಸಿದರೆ ಹೊರಪದರ ತೊಗಲಿನಂತೆ ಬಿಗಿದು ಒಳಗಿನ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಕಂಡದ್ದು ಒಣಮೀನು, ಒಳಗೆ ಹಸಿಮೀನು. ರಾತ್ರಿ ತೆಗೆದು ಒಟ್ಟು ಮಾಡಿ, ಬಟ್ಟೆ ಮುಚ್ಚಿಟ್ಟರೆ ಒಳಗಿನ ತೇವ ಮೆಲ್ಲಗೆ ಹೊರಪದರಕ್ಕೆ ಬರುತ್ತದೆ. ಮರುದಿನ ಮತ್ತೆ ಒಣಗಿಸಿದರೆ ಅದು ಹೋಗುತ್ತದೆ. ಈ ನಿಲ್ಲಿಸಿ ನಿಲ್ಲಿಸಿ ಒಣಗಿಸುವ ಕ್ರಮವನ್ನು ಬಿಡಬೇಡಿ.

ಬಿಸಿಲಿರುವ ಕಡೆ ಹೊಗೆಯ ನಂತರ ಎರಡು ಮೂರು ದಿನ ಬಿಸಿಲೂ ಕೊಡಿ. ನೆಲದ ಮೇಲೆ ಬೇಡ, ಸೊಂಟದ ಎತ್ತರದ ತಟ್ಟಿಯ ಮೇಲೆ. ಕೆಳಗಿನಿಂದಲೂ ಗಾಳಿ ಆಡಿದರೆ ಬೇಗ ಒಣಗುತ್ತದೆ, ಮರಳೂ ಅಂಟುವುದಿಲ್ಲ.

ಹಂತ 4: ಒಣಗಿದೆಯೇ ಎಂದು ಅಳೆಯುವುದು

ಇಡೀ ಕೆಲಸದಲ್ಲಿ ಎಲ್ಲರೂ ಅಂದಾಜಿಗೆ ಬಿಡುವ ಹಂತ ಇದು. ಮೀನು ಕೆಡುವುದೂ ಹೆಚ್ಚಾಗಿ ಇಲ್ಲೇ.

ಅತ್ಯಂತ ನಂಬಿಕೆಯ ಸಾಧನ ತಕ್ಕಡಿ. ಉಪ್ಪಿಲ್ಲದ ಅಥವಾ ಕಡಿಮೆ ಉಪ್ಪಿನ ಹೊಗೆಮೀನಿಗೆ ಈ ಲೆಕ್ಕ: ಶುಚಿ ಮಾಡಿದ ಹಸಿಮೀನಿನಲ್ಲಿ ಮುಕ್ಕಾಲು ಪಾಲು ನೀರು. ಅಂದರೆ 1 ಕಿಲೋದಲ್ಲಿ ನೀರಲ್ಲದ್ದು ಸುಮಾರು 250 ಗ್ರಾಂ. ತೇವಾಂಶ ಶೇ 15ಕ್ಕೆ ಇಳಿಯಬೇಕಾದರೆ ಆ 1 ಕಿಲೋ ಮೀನು ಸುಮಾರು 300 ಗ್ರಾಂಗೆ ಬರಬೇಕು. ಕೊಬ್ಬು ತುಂಬಿದ ಕಾಲದ ಬೂತಾಯಿಯಲ್ಲಿ ನೀರು ಕಡಿಮೆ, ಎಣ್ಣೆ ಹೆಚ್ಚು, ಅದು 350 ಗ್ರಾಂ ಸುಮಾರಿಗೆ ನಿಲ್ಲಬಹುದು. 400, 450 ಗ್ರಾಂ ಇದ್ದರೆ ಇನ್ನೂ ಒಣಗಬೇಕು, ಮುಟ್ಟಲು ಎಷ್ಟೇ ಗಟ್ಟಿಯಾಗಿರಲಿ. ಶುರುವಿನಲ್ಲೇ ಒಂದು ಮೀನಿಗೆ ದಾರ ಕಟ್ಟಿ, ತೂಕ ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ದಪ್ಪನೆಯದನ್ನೇ ಆರಿಸಿಕೊಳ್ಳಿ. ದಿನಕ್ಕೊಮ್ಮೆ ಅದನ್ನು ತೂಗಿದರೆ ಸಾಕು.

ಎರಡನೆಯ ಪರೀಕ್ಷೆ ಉಪ್ಪಿನದು. ಒಣ ಗಾಜಿನ ಬಾಟಲಿಯಲ್ಲಿ ಮೀನಿನ ಎರಡು ತುಂಡು ಹಾಕಿ, ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಹುರಿದು ಆರಿಸಿದ ಪುಡಿಯುಪ್ಪು ಇಟ್ಟು, ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಉಪ್ಪು ಒದ್ದೆಯಾಗಿ ಗಂಟು ಕಟ್ಟಿದ್ದರೆ ಬಾಟಲಿಯೊಳಗಿನ ತೇವಾಂಶ ಶೇ 75 ದಾಟಿದೆ ಎಂದು ಅರ್ಥ. ಆ ಮೀನು ಡಬ್ಬಕ್ಕೆ ಸಿದ್ಧವಾಗಿಲ್ಲ. ಉಪ್ಪು ಉದುರುದುರಾಗಿದ್ದರೂ ಇನ್ನೊಂದು ದಿನ ಒಣಗಿಸಿ. ಕೆಲವು ಬೂಷ್ಟುಗಳು ಶೇ 75ರ ಕೆಳಗೂ ಮೆಲ್ಲಗೆ ಬೆಳೆಯುತ್ತವೆ.

ಸುಲಭದ ದಾರಿ ಬೇಕೆನ್ನುವವರಿಗೆ ಗಾಳಿಯ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್‌ಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಅದನ್ನು ಮೀನಿನ ಜೊತೆ ಡಬ್ಬದೊಳಗಿಟ್ಟು ಅರ್ಧ ದಿನ ಮುಚ್ಚಿಡಿ. 60ರ ಕೆಳಗೆ ತೋರಿಸಿದರೆ ನಿಶ್ಚಿಂತೆ, 65 ದಾಟಿದರೆ ಮತ್ತೆ ಒಣಗಿಸಿ. ಉಪ್ಪು ತುಂಬ ಹಿಡಿದ ಮೀನು ಸಾಮಾನ್ಯವಾಗಿ 75ರ ಹತ್ತಿರ ತೋರಿಸುತ್ತದೆ. ಹಾಗಿದ್ದರೆ ಅದಕ್ಕೆ ಕಪಾಟು ಸಾಲದು, ಫ್ರಿಜ್ ಬೇಕು.

ಹಂತ 5: ಆರಿಸಿ, ಹೊತ್ತು ನೋಡಿ ತುಂಬಿಸುವುದು

ಬೆಚ್ಚಗಿರುವ ಮೀನನ್ನು ಡಬ್ಬಕ್ಕೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ ಮೀನಿನ ಮೇಲೆಯೇ ಹನಿಯುತ್ತದೆ. ಪೂರ್ತಿ ಆರಬೇಕು. ಆದರೆ ಆರಲು ಬಿಟ್ಟು ರಾತ್ರಿಯಿಡೀ ತೆರೆದಿಟ್ಟರೆ ಗಾಳಿಯ ತೇವ ಕುಡಿಯುತ್ತದೆ, ಜೀರುಂಡೆಗಳೂ ಬಂದು ಮೊಟ್ಟೆ ಇಡುತ್ತವೆ. ಹಾಗಾಗಿ ದಿನದಲ್ಲಿ ಗಾಳಿ ಅತಿ ಒಣಗಿರುವ ಹೊತ್ತಿಗೆ, ಬಿಸಿಲಿರುವ ದಿನ ಮಧ್ಯಾಹ್ನ, ಬಲೆಯ ಕೆಳಗೆ ಒಂದೆರಡು ಗಂಟೆ ಆರಿಸಿ ಆಗಲೇ ತುಂಬಿಸಿ. ಸಂಜೆಗೆ ಮುಂದೂಡಬೇಡಿ.

ತುಂಬುವ ಮೊದಲು ಒಂದು ಕೆಲಸ ಮಾಡಿದರೆ ಹುಳದ ಚಿಂತೆಯೇ ಹೆಚ್ಚಿನ ಪಾಲು ಕಳೆಯುತ್ತದೆ. ಮೀನನ್ನು ದಪ್ಪ ಜಿಪ್ ಕವರಿನಲ್ಲಿ ಗಾಳಿ ಹಿಂಡಿ ಮುಚ್ಚಿ, ಒಂದು ವಾರ ಫ್ರೀಜರ್‌ನಲ್ಲಿ, –18 ಡಿಗ್ರಿಯಲ್ಲಿ ಇಡಿ. ಕಣ್ಣಿಗೆ ಕಾಣದ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಕವರನ್ನು ಕೂಡಲೇ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಐದಾರು ಗಂಟೆ ಹಾಗೇ ಇರಲಿ. ತಣ್ಣಗಿರುವಾಗ ಬಿಚ್ಚಿದರೆ ಮಂಜು ಕೂತು ಒಣಗಿಸಿದ್ದೆಲ್ಲ ನೀರುಪಾಲು. ಫ್ರೀಜರ್ ಇಲ್ಲದವರು ಓವನ್‌ನಲ್ಲಿ 60 ಡಿಗ್ರಿ ಬಿಸಿ ಒಳಗಿನ ಮಾಂಸಕ್ಕೂ ತಲುಪುವಂತೆ ಒಂದೆರಡು ಗಂಟೆ ಇಡಬಹುದು.

ಹಂತ 6: ಡಬ್ಬ ಮತ್ತು ಜಾಗ

ಗಾಜಿನ ಭರಣಿ, ರಬ್ಬರ್ ಸುತ್ತು ಇರುವ ಸ್ಟೀಲ್ ಡಬ್ಬ, ಆಹಾರಕ್ಕೆ ಯೋಗ್ಯವಾದ ದಪ್ಪ ಪ್ಲಾಸ್ಟಿಕ್ ಡಬ್ಬ ಒಳ್ಳೆಯವು. ತೆಳು ಪ್ಲಾಸ್ಟಿಕ್ ಕವರನ್ನು ಡರ್ಮೆಸ್ಟಿಸ್ ಮರಿ ಕಚ್ಚಿ ತೂತು ಮಾಡುತ್ತದೆ. ಗೋಣಿ, ಬುಟ್ಟಿ, ರಟ್ಟಿನ ಪೆಟ್ಟಿಗೆ ಒಲೆಯ ಅಟ್ಟಕ್ಕೆ ಸರಿ, ಕಪಾಟಿಗೆ ಅಲ್ಲ. ತಗಡು, ಅಲ್ಯೂಮಿನಿಯಂ ಉಪ್ಪಿಗೆ ಸವೆಯುತ್ತವೆ. ಹಳೆ ಪತ್ರಿಕೆಯಲ್ಲಿ ಸುತ್ತುವ ರೂಢಿ ಬಿಡಬೇಕು. ಮೀನಿನ ಎಣ್ಣೆಗೆ ಶಾಯಿ ಇಳಿಯುತ್ತದೆ.

ಒಂದು ದೊಡ್ಡ ಡಬ್ಬಕ್ಕಿಂತ ನಾಲ್ಕು ಸಣ್ಣ ಡಬ್ಬ ಮೇಲು. ಪ್ರತಿ ಸಲ ಮುಚ್ಚಳ ತೆಗೆದಾಗ ಮಳೆಗಾಲದ ಗಾಳಿ ಒಳಹೊಗುತ್ತದೆ. ಒಂದು ವಾರದ ಬಳಕೆಗೆ ಎಷ್ಟು ಬೇಕೋ ಅಷ್ಟೇ ಒಂದೊಂದರಲ್ಲಿ ಇದ್ದರೆ ಉಳಿದದ್ದು ಮುಚ್ಚಿದ ಹಾಗೇ ಇರುತ್ತದೆ. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಡಬ್ಬದ ಮೇಲೆ ಮೀನಿನ ಹೆಸರು, ತುಂಬಿಸಿದ ದಿನ ಬರೆದಿಡಿ.

ತೇವ ಹೀರಲು ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುವುದುಂಟು. ಅದರ ಶಕ್ತಿ ಸ್ವಲ್ಪವೇ, ಇದ್ದರೆ ಕೆಡುಕಿಲ್ಲ. ಸಿಲಿಕಾ ಜೆಲ್ ಪೊಟ್ಟಣ ಹೆಚ್ಚು ಕೆಲಸ ಮಾಡುತ್ತದೆ. ಬಿಳಿ ಅಥವಾ ಕಿತ್ತಳೆ ಬಣ್ಣದ್ದನ್ನು ಕೊಳ್ಳಿ, ನೀಲಿಯದು ಬೇಡ, ಅದರ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಲವಣ ವಿಷಕಾರಿ. ಸುಟ್ಟ ಸುಣ್ಣದ ಕಲ್ಲನ್ನು ಮೀನಿನ ಡಬ್ಬದೊಳಗೆ ಇಡಬೇಡಿ, ನೀರು ತಾಗಿದರೆ ಅದು ಕುದಿಯುತ್ತದೆ. ಒಣ ಮೆಣಸಿನಕಾಯಿ, ಕಾಳುಮೆಣಸು, ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಹುಳವನ್ನು ಸ್ವಲ್ಪ ದೂರ ಇಡಬಹುದು. ಹಸಿ ಬೇವಿನ ಎಲೆ ಹಾಕಿದರೆ ಎಲೆಯ ನೀರು ಮೀನಿಗೆ ಇಳಿಯುತ್ತದೆ.

ಡಬ್ಬವನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲೂ ಬೇಡ. ಮನೆಯಲ್ಲಿ ಮಳೆಗಾಲಕ್ಕೂ ಬೆಚ್ಚಗಿರುವ ಜಾಗ ಯಾವುದು ನೋಡಿ. ಕರಾವಳಿ, ಮಲೆನಾಡಿನ ಹಲವು ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ನೀರಿಗೆ ಬಚ್ಚಲೊಲೆ ದಿನವೂ ಉರಿಯುತ್ತದೆ. ಆ ಒಲೆಯ ಬಾಯಿ ಹೊರಗಿದ್ದು ಮೇಲೆ ಮಾಡು ಇದ್ದರೆ, ಅಲ್ಲಿ ತಟ್ಟಿ ಕಟ್ಟಿ ಮೀನಿನ ಬುಟ್ಟಿ ತೂಗುಹಾಕಿ. ಹಳೆಯ ಅಟ್ಟಕ್ಕೆ ಇದಕ್ಕಿಂತ ಹತ್ತಿರದ ಜಾಗ ಇಂದಿನ ಮನೆಯಲ್ಲಿ ಬೇರೆ ಇಲ್ಲ. ಬಚ್ಚಲ ಒಳಗೆ, ಬಿಸಿನೀರಿನ ಹಬೆ ಬರುವ ಕಡೆ ಮಾತ್ರ ಬೇಡ.

ಬಂಗಡೆ, ಬೂತಾಯಿಗಳ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ: ಇವು ಎಷ್ಟೇ ಒಣಗಿರಲಿ, ಎರಡು ತಿಂಗಳಿಗಿಂತ ಹೆಚ್ಚು ಇಡುವುದಿದ್ದರೆ ಫ್ರೀಜರ್‌ಗೇ ಹಾಕಿ. ಹುಳ, ಬೂಷ್ಟು ಬರದಿದ್ದರೂ ಎಣ್ಣೆ ಕಮಟಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಚಟ್ಲಿ, ನಂಗ್, ತಾಟೆಯಂಥ ಎಣ್ಣೆ ಕಡಿಮೆ ಇರುವವು ಕಪಾಟಿನಲ್ಲಿ ಹೆಚ್ಚು ಕಾಲ ತಾಳುತ್ತವೆ.

ಹಂತ 7: ಮಳೆಗಾಲದ ನಿಗಾ

ಹದಿನೈದು ದಿನಕ್ಕೊಮ್ಮೆ ಪ್ರತಿ ಡಬ್ಬವನ್ನೂ ನೋಡಿ. ಗಾಜಿನದಾದರೆ ತೆರೆಯದೆ ಹೊರಗಿನಿಂದಲೇ ನೋಡಬಹುದು. ತಳದಲ್ಲಿ ಹುಡಿ ಬಿದ್ದಿದೆಯೇ, ರೋಮದ ಪೊರೆಗಳಿವೆಯೇ (ಮರಿಹುಳ ಪೊರೆ ಕಳಚಿ ಕಳಚಿ ಬೆಳೆಯುತ್ತದೆ), ಮುಚ್ಚಳದ ಒಳಗೆ ತೇವವಿದೆಯೇ? ತೆರೆದಾಗ ಮುಗ್ಗಲು ವಾಸನೆ ಬಂದರೆ ಕಣ್ಣಿಗೆ ಏನೂ ಕಾಣದಿದ್ದರೂ ಅದು ಎಚ್ಚರಿಕೆ. ಮೀನು ಬಗ್ಗುವಂತಾಗಿದ್ದರೆ, ಮುರಿದಾಗ ಸದ್ದು ಬರದಿದ್ದರೆ, ಅದೇ ದಿನ ಮತ್ತೆ ಒಣಗಿಸಿ. ಬಿಸಿಲು ಬರಲಿ ಎಂದು ಕಾಯುವುದು ಬೇಡ. ಓವನ್, ಒಲೆಯ ಕೆಂಡ, ಇಲ್ಲವೇ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ ಸಾಕು. ಒದ್ದೆ ಕೈ, ಒದ್ದೆ ಚಮಚ ಡಬ್ಬಕ್ಕೆ ಹಾಕಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಕೆಟ್ಟದ್ದು ಕಂಡರೆ

ಹುಳ: ಒಂದೆರಡು ಜೀರುಂಡೆ ಮೇಲ್ಮೈಯಲ್ಲಿ ಮಾತ್ರ ಇದ್ದು, ಮುರಿದು ನೋಡಿದಾಗ ಮಾಂಸ ಗಟ್ಟಿಯಾಗಿದ್ದರೆ ಮೀನನ್ನು ಮೊರದಲ್ಲಿ ಕೇರಿ, ಬ್ರಶ್‌ನಿಂದ ಉಜ್ಜಿ, ವಾರ ಫ್ರೀಜರ್‌ನಲ್ಲಿಟ್ಟು ಬಳಸಬಹುದು. ಒಳಗೆ ಹುಡಿಯಾಗಿದ್ದರೆ ಎಸೆಯಿರಿ. ಹುಳದ ರೋಮ, ಹಿಕ್ಕೆ ಅಲರ್ಜಿ ತರುತ್ತವೆ. ಡಬ್ಬವನ್ನು ಕುದಿನೀರಿನಿಂದ ತೊಳೆದು, ಒಣಗಿಸಿ, ಕಪಾಟಿನ ಸಂದುಗಳನ್ನು ಗುಡಿಸಿ. ಪಕ್ಕದ ಕೊಬ್ಬರಿಯನ್ನೂ ಒಮ್ಮೆ ನೋಡಿ.

ಬೂಷ್ಟು: ಹಸಿರು, ಕಪ್ಪು, ಕಂದು, ಯಾವುದೇ ನವಿರು ಬೂಷ್ಟು ಹರಡಿದ್ದರೆ ಆ ಮೀನು ಬೇಡ. ಒರೆಸಿ ಬಿಸಿಲಿಗೆ ಹಾಕಿ ಮತ್ತೆ ಇಡುವುದು ರೂಢಿಯಲ್ಲಿದೆ, ಆದರೆ ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್‌ನಂಥ ವಿಷ ಬಿಸಿಲಿಗೂ ಹೋಗದು, ಎಣ್ಣೆಯಲ್ಲಿ ಹುರಿದರೂ ಪೂರ್ತಿ ಹೋಗದು, ಅದು ಕೆಡಿಸುವುದು ಯಕೃತ್ತನ್ನು. ಜಪಾನಿನವರು ಕಾತ್ಸುಓಬುಶಿ ಎಂಬ ಹೊಗೆ ಟ್ಯೂನಾದ ಮೇಲೆ ಬೇಕೆಂದೇ ಬೂಷ್ಟು ಬೆಳೆಸುತ್ತಾರೆ ಎಂದು ಕೆಲವರು ಉದಾಹರಣೆ ಕೊಡುತ್ತಾರೆ. ಅದು ಆರಿಸಿ ಬಿತ್ತಿದ ಒಂದೇ ಜಾತಿ, ಹದ ನೋಡಿ ಬೆಳೆಸಿ, ಮತ್ತೆ ಮತ್ತೆ ಬಿಸಿಲಿಗೆ ಹಾಕಿ ಮಾಡುವ ಕಸುಬು. ನಮ್ಮ ಡಬ್ಬದಲ್ಲಿ ತಾನಾಗಿ ಬಂದದ್ದು ಯಾವ ಜಾತಿ ಎಂದು ನಮಗೆ ಗೊತ್ತಾಗುವ ದಾರಿಯಿಲ್ಲ.

ಗುಲಾಬಿ ಲೋಳೆ, ಅದರ ಜೊತೆ ದುರ್ವಾಸನೆ ಬಂದರೂ ಎಸೆಯುವುದೇ ಸರಿ. ಆ ಉಪ್ಪನ್ನೂ ಎಸೆಯಿರಿ.

ಕೊನೆಯದಾಗಿ ಔಷಧಿಯ ಮಾತು. ಜಿರಳೆಗೆ ಹೊಡೆಯುವ ಸ್ಪ್ರೇ, ಗಮಾಕ್ಸಿನ್ ಪುಡಿ, ಅಕ್ಕಿ ಮೂಟೆಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ, ನುಸಿಗುಳಿಗೆ ಇವು ಯಾವುವೂ ಮೀನಿನ ಹತ್ತಿರ ಸುಳಿಯಬಾರದು. ಮೀನಿನ ಕೊಬ್ಬು ಇಂಥ ವಿಷಗಳನ್ನು ಹೀರಿ ಇಟ್ಟುಕೊಳ್ಳುತ್ತದೆ, ತೊಳೆದರೆ ಬಿಡುವುದಿಲ್ಲ. ಫಾಸ್ಫೈಡ್ ಮಾತ್ರೆಯ ಅನಿಲವಂತೂ ಮುಚ್ಚಿದ ಮನೆಯಲ್ಲಿ ಮಲಗಿದವರನ್ನೇ ಕೊಲ್ಲಬಲ್ಲದು. ಸಂತೆಯಲ್ಲಿ ಕೊಳ್ಳುವಾಗ ಒಣಮೀನಿನ ರಾಶಿಯ ಮೇಲೆ ಒಂದು ನೊಣವೂ ಕೂರದೆ, ಔಷಧಿಯ ಘಾಟು ಬರುತ್ತಿದ್ದರೆ ಮುಂದಿನ ಅಂಗಡಿಗೆ ಹೋಗಿ. ಮಾರಾಟಕ್ಕೆಂದೇ ಮಾಡುವ ಸ್ವಸಹಾಯ ಗುಂಪಿನವರು 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನೋ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯನ್ನೋ ಕೇಳಿ, ಮುಚ್ಚಿದ ಒಣಗಿಸುವ ಯಂತ್ರ, ಪ್ಯಾಕಿಂಗ್ ಬಗ್ಗೆ ತಿಳಿದುಕೊಳ್ಳುವುದು ಒಳ್ಳೆಯದು.

ಊರಿನಿಂದ ಒಯ್ಯುವವರಿಗೆ

ಬೆಂಗಳೂರು, ಮುಂಬೈಗೆ ಬಸ್ಸಿನಲ್ಲಿ ಒಯ್ಯುವಾಗ ಮೀನನ್ನು ಹಿಂದಿನ ದಿನ ಮತ್ತೊಮ್ಮೆ ಬಿಸಿ ಮಾಡಿ ಆರಿಸಿ, ಎರಡು ಪದರದ ದಪ್ಪ ಕವರಿನಲ್ಲಿ, ಹೊರಗೊಂದು ಗಟ್ಟಿ ಡಬ್ಬದಲ್ಲಿಡಿ. ಮುಳ್ಳು ಚುಚ್ಚಿ ಕವರ್ ತೂತಾಗುವುದೇ ಹೆಚ್ಚು, ಆದ್ದರಿಂದ ಒಳಪದರಕ್ಕೆ ಬಟರ್ ಪೇಪರ್ ಸುತ್ತಿ. ತಲುಪಿದ ಮೇಲೆ ಚೀಲದಲ್ಲೇ ವಾರ ಬಿಡದೆ ನೇರ ಫ್ರೀಜರ್‌ಗೆ. ಬೆಂಗಳೂರಿನ ಚಳಿಗಾಲದ ಒಣ ಗಾಳಿಯಲ್ಲಿ ಕಪಾಟಿನಲ್ಲಿಟ್ಟರೂ ಸ್ವಲ್ಪ ಕಾಲ ನಡೆಯುತ್ತದೆ, ಮುಂಬೈಯ ಜುಲೈ ನಮ್ಮ ಕರಾವಳಿಯ ಜುಲೈಯಂತೆಯೇ. ವಿದೇಶಕ್ಕೆ ಒಯ್ಯುವವರು ಆ ದೇಶ ಮೀನಿನ ಪದಾರ್ಥವನ್ನು ಒಳಬಿಡುತ್ತದೆಯೇ, ವಿಮಾನ ನಿಲ್ದಾಣದಲ್ಲಿ ಬರೆದು ತಿಳಿಸಬೇಕೇ ಎಂದು ಟಿಕೆಟ್ ಮಾಡುವ ಹೊತ್ತಿಗೇ ನೋಡಿಕೊಳ್ಳಿ. ಒಯ್ಯಬಹುದಾದ ಕಡೆ ಪೊಟ್ಟಣದ ಮೇಲೆ ಮೀನಿನ ಹೆಸರು ಇಂಗ್ಲಿಷಿನಲ್ಲೂ ಬರೆದಿರಲಿ, ತಪಾಸಣೆ ಮಾಡುವವರಿಗೆ ಅರ್ಥವಾಗುತ್ತದೆ.